ಚಿತ್ರದಲ್ಲಿ ಏನಿದೆ, ಹೇಳಿ...

"ನನ್ನ ಫೋಟೋ ಯಾಕೆ ಮುಚ್ಚಿಟ್ರಿ?!"

ಸಮವಸ್ತ್ರದಲ್ಲೇ ನುಗ್ಗಿ ಬಂದ ನರ್ಸನ್ನು ಕಂಡು, ರೇಡಿಯೋ ರಿಪೇರಿಯವನ ಬೆಸುಗೆ ಹಾಕುವ ಕೈ ಗಾಳಿಯಲ್ಲೇ ನಿಂತಿತು.

"ಮುಚ್ಚಿಟ್ಟಿಲ್ಲ ಸಿಸ್ಟರ್... ಕೂತ್ಕೊಳ್ಳಿ." ಸ್ಟೂಲು ಸರಿಸಿದ.

"ಕೂರೋಕೆ ಬಂದಿಲ್ಲ!"

ಅವನ ಹಿಂದಿನ ಕಪಾಟಿನಲ್ಲಿ ಪುಟ್ಟ ಕಂಪ್ಯೂಟರೊಂದು ಗುನುಗುತ್ತಿತ್ತು. ಫೋಟೋ, ಸುದ್ದಿ ಹಂಚಿಕೊಳ್ಳಲು ಬಡಾವಣೆಯವರೇ ಕಟ್ಟಿಕೊಂಡ 'ಜಗಲಿ' ಜಾಲತಾಣ ಅದರೊಳಗಿತ್ತು. ಅಂಥ ಜಗಲಿಗಳು ಊರೂರಲ್ಲಿದ್ದವು, ಒಂದಕ್ಕೊಂದು ಬಾಗಿಲು ತೆರೆದುಕೊಂಡು. ಯಾವುದಕ್ಕೂ ಒಡೆಯನಿಲ್ಲ, ಜಾಹೀರಾತಿಲ್ಲ... ಗದ್ದಲವೂ ಇಲ್ಲ! ಇಲ್ಲಿಯದನ್ನು ಕಾಯುವವನು ಇವನು.

ಅವಳು ಹಾಕಿದ್ದು ಆಸ್ಪತ್ರೆಯೆದುರಿನ ಪಾದಚಾರಿ ಮೇಲ್ಸೇತುವೆಯ ಕೆಟ್ಟ ಲಿಫ್ಟಿನ ಫೋಟೋ. ಮೆಟ್ಟಿಲು ಹತ್ತಲಾರದೆ ಡಯಾಲಿಸಿಸ್‌ಗೆ ಬರುವ ಅಜ್ಜಿ ನಿನ್ನೆ ಕೈಮುಗಿದಿದ್ದಳು: "ಇನ್ನು ಬರಲ್ಲ ಮಗಳೇ... ಸಾಕು."

ನಗರಸಭೆ ಅಧ್ಯಕ್ಷರಿಗೆ ಹೇಳಿದರೆ, ಕಾರಿನ ಗಾಜು ಅರ್ಧ ಇಳಿಸಿ, "ಮೆಟ್ಟಿಲು ಹತ್ತೋದು ಆರೋಗ್ಯಕ್ಕೆ ಒಳ್ಳೇದಮ್ಮ!" ಅಂದಿದ್ದರು.

"ಅವರಿಗೆ ಹೇಳಿದ್ರೆ ಗೋರ್ಕಲ್ಲ ಮೇಲೆ ಮಳೆ. ನಿಮ್ಮ ಜಗಲೀಲಿ ಹೇಳಿದ್ರೆ ಸ್ಮಶಾನ ಮೌನ!"

"ಇಲ್ಲಿ ತಾನಾಗಿ ಏನೂ ಹರಡಲ್ಲ ಸಿಸ್ಟರ್. ಒಬ್ಬರು ಓದಿ ಇನ್ನೊಬ್ಬರಿಗೆ ದಾಟಿಸ್ಬೇಕು. ನೀವು... ಚಿತ್ರದಲ್ಲಿ ಏನಿದೆ ಅಂತ ಬರೆದಿಲ್ಲ. ಅದಿಲ್ದೆ ನಮ್ಮವರು ದಾಟಿಸಲ್ಲ."

"ಮನೆಗೆ ಬೆಂಕಿ ಬಿದ್ದಿದೆ, ಬಾಗಿಲಿಗೆ ಬಣ್ಣ ಬಳಿ ಅಂತೀರಲ್ಲ! ಓಹೋ... ಈ ಮಳಿಗೆ ನಗರಸಭೇದು, ಅಲ್ವಾ? ಅಧ್ಯಕ್ಷರಿಗೆ ಹೆದರಿದೀರಿ. ನೇರವಾಗಿ ಹೇಳಿ!"

ಅವನ ಮುಖ ಬಾಡಿತು.

ಸರ್ರನೆ ತಿರುಗಿದವಳ ಕಾಲಿಗೆ ಬಿಳಿ ಕೋಲೊಂದು ತಗುಲಿತು. ಬಾಗಿಲಲ್ಲಿ ಅವನ ಅಕ್ಕ! ಕಣ್ಣು ಕಾಣದ ಅವಳಿಗೆ, ಫೋನು ಓದಿ ಹೇಳಿದ್ದೇ ಓದು.

"ನಿನ್ನ ಫೋಟೋ ಬಂತಮ್ಮ. ಫೋನು 'ಚಿತ್ರ' ಅಂತಷ್ಟೇ ಹೇಳಿ ಸುಮ್ಮನಾಯ್ತು. ಏನಿತ್ತೇ ಅದರಲ್ಲಿ?"

ನರ್ಸು ಫೋನು ತೆರೆದಳು; ಫೋಟೋದ ಕೆಳಗೆ ಒಂದಕ್ಷರವೂ ಇರಲಿಲ್ಲ. ಅಯ್ಯೋ... ಕೇಳಲು ಕಾದವರ ಮುಂದೆ ಮೂಕಳಾಗಿದ್ದವಳು ನಾನೇ ಅಲ್ಲವೇ?

ಕುಸಿದು ಅದೇ ಸ್ಟೂಲಿನ ಮೇಲೆ ಕೂತು ಬರೆದಳು: 'ಲಿಫ್ಟಿನ ಬಾಗಿಲಿಗೆ ತುಕ್ಕು. ಪಕ್ಕದ ಮೆಟ್ಟಿಲಲ್ಲಿ ಒಬ್ಬ ಅಜ್ಜಿ. ಒಂದು ಕೈ ಕಂಬಿ ಮೇಲೆ, ಒಂದು ಕೈ ಎದೆ ಮೇಲೆ. ಚಪ್ಪಲಿ ಕೆಳಗೇ ಉಳಿದಿದೆ. ಆಸ್ಪತ್ರೆ ರಸ್ತೆಯಾಚೆ ಇದೆ.'

ಅಕ್ಕ ಕೇಳಿದಳು. ಮತ್ತೊಮ್ಮೆ ಕೇಳಿದಳು. ದಾಟಿಸಿದಳು. ಅಲ್ಲಿಂದ ಅದು ಜಗಲಿಯಿಂದ ಜಗಲಿಗೆ, ಬಾಯಿಂದ ಬಾಯಿಗೆ ನಡೆಯಿತು.

ನಗರಸಭೆಯ ಅಹವಾಲು ಸಭೆ ತುಂಬಿ ತುಳುಕಿತು!

"ಫೋಟೋ ನೋಡಿದೀನಿ, ಬರೀ ಮೆಟ್ಟಿಲು!" ಅಧ್ಯಕ್ಷರು ನಕ್ಕರು.

ಅಕ್ಕ ಎದ್ದಳು. "ನಾನು ನೋಡಿಲ್ಲ ಸ್ವಾಮಿ, ಕೇಳಿದೀನಿ." ಪದ್ಯ ಒಪ್ಪಿಸುವಂತೆ ಶುರುಮಾಡಿದಳು: "ಲಿಫ್ಟಿನ ಬಾಗಿಲಿಗೆ ತುಕ್ಕು..."

ಎರಡನೇ ಸಾಲಿಗೆ ಹಿಂದಿನ ಬೆಂಚು ದನಿಗೂಡಿಸಿತು. ಮೂರನೆಯದಕ್ಕೆ ಇಡೀ ಸಭಾಂಗಣ! ತನ್ನ ಮಾತು ಅಷ್ಟು ಕೊರಳುಗಳಲ್ಲಿ... ನರ್ಸಿನ ಕಣ್ಣು ತುಂಬಿತು.

ಆಗ ಎದ್ದು ನಿಂತವನು ರೇಡಿಯೋ ರಿಪೇರಿಯವನು! "ನಾನು ನಿಮ್ಮ ಬಾಡಿಗೆದಾರ ಸಾರ್. ಲಿಫ್ಟ್ ಯಾವತ್ತು? ಇಲ್ಲೇ ಹೇಳಿ."

ಅಧ್ಯಕ್ಷರ ನಗೆ ಮಾಯವಾಯಿತು. ಬೆವರು ಒರೆಸಿಕೊಂಡು ಎಂಜಿನಿಯರನ್ನು ಕರೆದರು. "ಈ ವಾರವೇ ಆಗ್ಬೇಕು!"

ಆಯಿತು ಕೂಡ.

"ಇದೇನೇ ಮಗಳೇ, ವಿಮಾನ ಹತ್ತಿಸಿದ ಹಾಗಿದೆ!" ಮೇಲೇರುವ ಲಿಫ್ಟಿನಲ್ಲಿ ಅಜ್ಜಿ ಕಿಲಕಿಲ ನಕ್ಕಳು. ಬದಿಯಲ್ಲಿ ಅಕ್ಕ, ಮೂಲೆಯಲ್ಲಿ ಅವನು.

ನರ್ಸಿನ ಫೋನು ಸದ್ದು ಮಾಡಿತು. ಅವನೇ ಕಳಿಸಿದ ಫೋಟೋ... ಖಾಲಿ ಸ್ಟೂಲು!

"ಚಿತ್ರದಲ್ಲಿ ಏನಿದೆ ಅಂತ ಬರೆದಿಲ್ಲ. ನಿಮ್ಮದೇ ನಿಯಮ!"

ಅವನು ತಲೆ ತಗ್ಗಿಸಿದ. "ಒಬ್ಬಳು... ಕೂರೋಕೆ ಬಂದಿಲ್ಲ ಅಂತ ಗದರಿ, ಕೂತು, ಎದ್ದು ಹೋದಳು. ಅವತ್ತಿಂದ ಅದರ ಮೇಲೆ ಬೇರೆ ಯಾರನ್ನೂ ಕೂರಿಸೋಕೆ ಮನಸ್ಸು ಬಂದಿಲ್ಲ... ಸಿಸ್ಟರ್."

"ಮೊದ್ಲು ಸಿಸ್ಟರ್ ಅನ್ನೋದು ಬಿಡೋ ದಡ್ಡ!" ಅಕ್ಕ ಕೋಲು ಕುಟ್ಟಿದಳು. "ಇದನ್ನೂ ದಾಟಿಸ್ಲಾ?"

"ಬೇಡ ಅಕ್ಕಾ!" ಇಬ್ಬರೂ ಒಟ್ಟಿಗೇ ಕೂಗಿದರು.

ನರ್ಸು ಅವನತ್ತ ಬಾಗಿ ಪಿಸುಗುಟ್ಟಿದಳು. "ಅವತ್ತು ಹೆದರಿದೀರಿ ಅಂದುಬಿಟ್ಟೆ... ತಪ್ಪಾಯ್ತು. ಇದೊಂದು ನನಗೊಬ್ಬಳಿಗೇ ಇರಲಿ."

"ಮತ್ತೆ ಸ್ಟೂಲು...?"

"ಸಂಜೆ ಬರ್ತೀನಿ. ಈ ಸಲ ಕೂರೋಕೇ!"