ಹೆಸರಿದ್ದ ಕಲ್ಲಿಗೆ ನಂಬರು

ಮೊದಲ ಸಲ ಕಂಡಾಗ ಅಂಜಿನಿ ನನ್ನನ್ನು ಕುರಿಕಳ್ಳಿ ಅಂದುಕೊಂಡ. ಅದರಲ್ಲಿ ಅವನ ತಪ್ಪೇನೂ ಇಲ್ಲ ಬಿಡಿ. ರಾಯದುರ್ಗದ ಬೆಟ್ಟದ ಹಿಂಬದಿ, ಯಾರೂ ಓಡಾಡದ ಹಳೇ ಮೆಟ್ಟಿಲ ಮೇಲೆ, ಅವನ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

“ಯಾರ್ರೀ ನೀವು? ಮೊದ್ಲು ಮರಿ ಕೆಳಗ ಬಿಡ್ರಿ.”

“ಬಂಡೆ ಸಂದೀಲಿ ಕಾಲು ಸಿಕ್ಕಿಸ್ಕೊಂಡು ಅರಚ್ತಿತ್ತು. ಬಿಡಿಸಿ ಎತ್ಕೊಂಡೆ. ಕದಿಯೋಳಾಗಿದ್ರೆ ಇಲ್ಲೇ ಕೂತಿರ್ತಿದ್ನಾ?”

“ದಣಿವಾಗಿರಬೇಕು. ಕಳ್ಳರಿಗೂ ದಣಿವಾಗತೈತ್ರಿ.”

ನನಗೆ ನಗು ಬಂತು. ಅವನಿಗೂ ಬಂತು, ಮೀಸೆ ತಿರುವುವ ನೆಪದಲ್ಲಿ ಕೈ ಅಡ್ಡ ಹಿಡಿದ. ಕಣ್ಣಿಗೆ ಅಡ್ಡ ಹಿಡಿಯುವುದನ್ನು ಮರೆತಿದ್ದ.

ನನ್ನೂರು ಮಡಕಶಿರಾ ಕಡೆ, ಹೆಸರು ಗಂಗೋತ್ರಿ. ರಾಯದುರ್ಗದ ಒಂದು ಜೀನ್ಸ್ ಯೂನಿಟ್‌ನಲ್ಲಿ ಚೆಕಿಂಗ್ ಸೂಪರ್‌ವೈಸರ್. ವಾರವಿಡೀ ಪ್ಯಾಂಟಿನ ಹೊಲಿಗೆ ನೋಡಿ ಕಣ್ಣು ಮಂಜಾದ ಮೇಲೆ ಭಾನುವಾರ ಬೆಟ್ಟ ಹತ್ತುತ್ತಿದ್ದೆ. ಜನ ಮರೆತ ದಾರಿಗಳನ್ನು ಹುಡುಕಿ, ಫೋಟೋ ತೆಗೆದು, ಫೋನಿನ ಮ್ಯಾಪಿನಲ್ಲಿ ಗುರುತು ಹಾಕುವುದು ನನ್ನ ಹುಚ್ಚು. ಅವತ್ತಿನಿಂದ ಆ ಹುಚ್ಚಿಗೆ ಜೊತೆ ಸಿಕ್ಕಿತು.

“ಇದು ಉಸಿರುಬಂಡೆ. ಎಂಥಾ ಪೈಲ್ವಾನನೂ ಇಲ್ಲಿ ಕುಂತು ಉಸಿರು ಬಿಡಬೇಕು,” ಅನ್ನುತ್ತಿದ್ದ. “ಅವೆರಡು ಅತ್ತಿ-ಸೊಸಿ ಕಲ್ಲು. ನೋಡ್ರಿ, ಒಂದರ ಮಕ ಆ ಕಡಿ, ಒಂದರ ಮಕ ಈ ಕಡಿ. ಮ್ಯಾಲ ಐತಲ್ಲ, ಅದು ಬಾಣಂತಿ ದೊಣೆ. ಬ್ಯಾಸಿಗ್ಯಾಗೂ ನೀರು ಬತ್ತಂಗಿಲ್ಲ.”

“ಇಷ್ಟೆಲ್ಲ ಹೆಸರು ಯಾರಿಟ್ಟಿದ್ದು?”

“ನಮ್ಮ ಹಿರೇರು. ಕುರಿ ಕಾಯೋರಿಗೆ ಮಾತಾಡಾಕ ಯಾರಾದ್ರೂ ಬೇಕಲ್ರಿ.”

“ನಿಮಗೆ?”

“ನನಗ ಈಗ ಸಿಕ್ಕಾರ.” ಹೇಳಿದವನೇ ಇಲ್ಲದ ಕುರಿಯೊಂದನ್ನು ಅಟ್ಟಿಸಿಕೊಂಡು ಓಡಿದ.

ಕಡಿದಾದ ಜಾಗದಲ್ಲಿ ಕೋಲು ಚಾಚುತ್ತಿದ್ದ. ಆ ತುದಿ ಅವನ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ, ಇಬ್ಬರ ಕಣ್ಣೂ ಬೇರೆಲ್ಲೋ. ನಾಲ್ಕನೇ ಭಾನುವಾರ ಕೋಲಿನ ಬದಲು ಕೈಯನ್ನೇ ಚಾಚಿದ. ನಾನೂ ಏನೂ ಗೊತ್ತಿಲ್ಲದವಳಂತೆ ಹಿಡಿದೆ. ಆಮೇಲೆ ಸಮತಟ್ಟು ಜಾಗ ಬಂದರೂ ಬಿಡುವುದು ಇಬ್ಬರಿಗೂ ನೆನಪಾಗಲಿಲ್ಲ.

“ನಮ್ಮಪ್ಪನೂ ನಾನೂ ಹೋದ್ರ ಈ ದಾರೀನೂ ಹೋಗತೈತಿ,” ಎಂದಿದ್ದ ಅವತ್ತೇ. ಆ ಮಾತು ನನ್ನ ತಲೆ ಕೊರೆಯಿತು. ಮುಂದಿನ ಭಾನುವಾರ ಅವನು ನೇಮಕಲ್ಲಿನ ಆಂಜನೇಯನ ದರ್ಶನಕ್ಕೆ ಹೋಗಿದ್ದ. ಬಟ್ಟೆ ಬಂಡಲಿನ ಮೇಲೆ ಬರೆಯುವ ಕೆಂಪು ಬಣ್ಣದ ಡಬ್ಬಿ ಹಿಡಿದು ನಾನೊಬ್ಬಳೇ ಹತ್ತಿದೆ. ದಾರಿಯುದ್ದಕ್ಕೂ ಇಪ್ಪತ್ತೇಳು ಕಲ್ಲುಗಳ ಮೇಲೆ ಬಾಣ ಬರೆದು, ಸುತ್ತು ಹಾಕಿ, ಒಳಗೆ ನಂಬರು ಹಾಕಿದೆ. ಇನ್ನು ಯಾರೂ ದಾರಿ ತಪ್ಪುವುದಿಲ್ಲ, ಅವನು ನೋಡಿ ಹಿಗ್ಗುತ್ತಾನೆ ಅಂತ ನನ್ನ ಲೆಕ್ಕ.

ಎರಡು ದಿನದ ಮೇಲೆ ಬೆಟ್ಟದ ಬುಡದಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನ್ ಕಂಪನಿಯದೊಂದು ಜೀಪು ನಿಂತಿತ್ತಂತೆ. ದಾರಿ ಕೇಳಿಕೊಂಡು ಹೋದರಂತೆ, ಅಷ್ಟೇ.

ಮರು ಭಾನುವಾರ ಅಂಜಿನಿ ಉಸಿರುಬಂಡೆಯ ಮೇಲೆ ಬರಿಗೈಲಿ ಕೂತಿದ್ದ. ಸುತ್ತ ಒಂದು ಕುರಿಯೂ ಇಲ್ಲ.

“ಮಾರಿಬಿಟ್ವಿ. ಕಲ್ಲಿಗೆ ಕೆಂಪು ನಂಬರ್ ಬಿದ್ದಾವು ನೋಡ್ರಿ. ಬೆಟ್ಟ ಫ್ಯಾನಿನೋರ ಪಾಲಾತು, ಬೇಲಿ ಬೀಳತೈತಿ, ಆಮ್ಯಾಲ ಎಲ್ಲಾರೂ ಮಾರೋರೇ, ರೇಟು ಸಿಗಂಗಿಲ್ಲ ಅಂದ ನಮ್ಮಪ್ಪ. ಕೊಂಡೋರು ಬೊಮ್ಮನಹಾಳದ ಬೀಗರು. ಹುಣ್ಣಿಮಿತನಕ ಬ್ಯಾರೆಯೋರಿಗೆ ಮಾರಂಗಿಲ್ಲ, ಮನಸ್ಸು ತಿರುಗಿದ್ರ ವಾಪಸ್ ಹೊಡ್ಕೊಂಡು ಹೋಗು ಜುಂಜಣ್ಣ ಅಂತ ನಮ್ಮಪ್ಪಗ ಅಂದಾರ. ಎಲ್ಲಿ ತಿರುಗತೈತ್ರಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಉಗುರು ನೋಡಿಕೊಂಡೆ. ಸಂದಿಯಲ್ಲಿ ಕೆಂಪು ಇನ್ನೂ ಇತ್ತು. ಮುಷ್ಟಿ ಬಿಗಿದೆ. ಹುಣ್ಣಿಮೆಗೆ ಒಂಬತ್ತು ದಿನ ಇತ್ತು, ನಾಳೆ ಹೇಳಿದರಾಯಿತು ಅಂದುಕೊಂಡೆ.

ನಾಳೆ ಹೇಳಲಿಲ್ಲ. ನಾಡಿದ್ದೂ ಹೇಳಲಿಲ್ಲ. ಬುಧವಾರ ಅವನು ನಮ್ಮ ಯೂನಿಟ್‌ಗೇ ಕೆಲಸಕ್ಕೆ ಬಂದ, ದಾರ ಕತ್ತರಿಸುವ ಟೇಬಲ್ಲಿಗೆ. ಅಯ್ಯೋ, ಆ ದೊಡ್ಡ ಕೈಗಳಲ್ಲಿ ಆ ಪುಟ್ಟ ಕತ್ತರಿ! ತಲೆ ಎತ್ತಿದಾಗಲೆಲ್ಲ ನನ್ನನ್ನೇ ಹುಡುಕುತ್ತಿದ್ದ, ಸಿಕ್ಕ ಕೂಡಲೇ ಪ್ಯಾಂಟಿನ ರಾಶಿಯೊಳಗೆ ಮುಖ ಹುದುಗಿಸುತ್ತಿದ್ದ.

“ಏನಮ್ಮಾ, ಆ ಹುಡುಗನ ಪೀಸು ಒಂದೂ ರಿಜೆಕ್ಟ್ ಆಗಲ್ಲ?” ಅಂತ ಪಕ್ಕದ ಎರ್ರಮ್ಮ ಕಾಲೆಳೆಯುತ್ತಿದ್ದಳು.

ಮಧ್ಯಾಹ್ನ ರೊಟ್ಟಿ ಮುರಿದು ಅರ್ಧ ನನ್ನ ಡಬ್ಬಿಗೆ ಹಾಕುತ್ತಿದ್ದ. “ಕುರಿ ಹೋದ್ವು ಅಂತ ಸಂಕಟ ಐತ್ರಿ. ಆದ್ರ ಮೊದ್ಲು ವಾರಕ್ಕೊಮ್ಮೆ ಕಾಣ್ತಿದ್ರಿ, ಈಗ ದಿನಾ ಕಾಣ್ತೀರಿ.”

ತಪ್ಪು ಮಾಡಿದವರಿಗೆ ಅನ್ನ ಸೇರುವುದಿಲ್ಲ ಅಂತಾರೆ. ಸುಳ್ಳು. ನನಗೆ ಆ ರೊಟ್ಟಿ ರುಚಿಯಾಗಿಯೇ ಇತ್ತು. ಥೂ, ನನ್ನ ಜನ್ಮಕ್ಕಿಷ್ಟು! ಹುಣ್ಣಿಮೆಯ ದಿನ ಟೆರೇಸಿನ ಮೇಲೆ ಬಟ್ಟೆ ತೆಗೆಯಲು ಹೋದಾಗ ಬೆಟ್ಟದ ಹಿಂದಿನಿಂದ ಚಂದ್ರ ಬಂದ. ನಾನು ತಲೆ ತಗ್ಗಿಸಿ ಕೆಳಗಿಳಿದೆ.

ಇನ್ನೊಂದು ತಿಂಗಳು ಹಾಗೇ ಕಳೆಯಿತು. ಒಂದು ದಿನ ಊಟದ ಹೊತ್ತಿಗೆ ಅಂಜಿನಿ ಡಬ್ಬಿ ಬಿಚ್ಚಲೇ ಇಲ್ಲ.

“ಅಪ್ಪ ಈಗಲೂ ಮುಂಜಾನೆ ಕೋಲು ಹಿಡ್ಕೊಂಡು ಬೆಟ್ಟಕ್ಕ ಹೋಗ್ತಾನ್ರಿ. ಕುರಿ ಇಲ್ಲ, ಏನಿಲ್ಲ. ಸುಮ್ನ ಹೋಗಿ ಬರ್ತಾನ.” ಆಮೇಲೆ ನೆಲ ನೋಡುತ್ತ ಅಂದ, “ನಿನ್ನೆ ಕೇಳಿದ. ಆ ಮಡಕಶಿರಾ ಹುಡುಗಿ ನಮ್ಮನಿಗೆ ಸೊಸಿಯಾಗಿ ಬರ್ತಾಳೇನು ಕೇಳು ಅಂತ. ಕೇಳೀನಿ ನೋಡ್ರಿ.”

ಎಷ್ಟು ದಿನದಿಂದ ಕಾದಿದ್ದ ಮಾತು! ಬಂದಾಗ ಎದೆಯ ಮೇಲೆ ಕಲ್ಲು ಹೇರಿದಂತಾಯಿತು.

“ಭಾನುವಾರ ಉಸಿರುಬಂಡೆ ಹತ್ರ ಹೇಳ್ತೀನಿ. ನಿಮ್ಮಪ್ಪಾರನ್ನೂ ಕರ್ಕೊಂಡು ಬನ್ನಿ.”

ಒಪ್ಪಿಗೆ ಅಂದುಕೊಂಡ ಪಾಪ. ಭಾನುವಾರ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದ. ಹಿಂದೆ ಜುಂಜಣ್ಣನವರು, ಹೆಗಲ ಮೇಲೆ ಕಂಬಳಿ. ನಾನು ಚೀಲದಿಂದ ಕೆಂಪು ಡಬ್ಬಿ ತೆಗೆದು ಬಂಡೆಯ ಮೇಲಿಟ್ಟೆ.

“ಈ ನಂಬರು ಬರ್ದೋಳು ನಾನು. ಯಾವ ಕಂಪನಿಯೂ ಅಲ್ಲ.”

ಜುಂಜಣ್ಣನವರು ಡಬ್ಬಿಯನ್ನು ನೋಡಿದರು, ಕಲ್ಲನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಹೆಸರಿದ್ದ ಕಲ್ಲಿಗೆ ನಂಬರ್ ಯಾಕ ಹಾಕಿದ್ಯವ್ವ? ಹೆಸರು ಬರೆದಿದ್ರ ಯಾರಿಂದಾದ್ರೂ ಓದಿಸಿ ಕೇಳ್ತಿದ್ದೆ, ನಮ್ಮೋರೇ ಬರದಾರ ಅಂತ ತಿಳೀತಿತ್ತು. ನಾ ಕಂಡಂಗ ಕಲ್ಲಿಗೆ ನಂಬರ್ ಹಾಕಿದೋರೆಲ್ಲ ಕಸ್ಕೊಳ್ಳಾಕ ಬಂದೋರ.” ಆಮೇಲೆ, “ಬಿಸ್ಲಾಗ ನಿಂತಿ, ನೆರಳಿಗೆ ಬಾ,” ಅಂದು, ಕೋಲೂರಿಕೊಂಡು ಇಳಿದು ಹೋದರು.

ಅಂಜಿನಿ ಕದಲಲಿಲ್ಲ.

“ಕುರಿ ಯಾಕ ಮಾರಿದ್ವಿ ಅಂತ ನಾ ಹೇಳಿದಾಗ ಹುಣ್ಣಿಮಿಗೆ ಒಂಬತ್ತು ದಿನ ಇತ್ತು.”

“ಇತ್ತು.”

“ಹೆದರಿದ್ರೇನು?”

ಹೌದು ಅಂದುಬಿಟ್ಟರೆ ಸಾಕಿತ್ತು. ಅವನೇ ಆ ಮಾತನ್ನು ನನ್ನ ಬಾಯಿಗೆ ಕೊಟ್ಟಿದ್ದ. ಹೌದು ಅಂದರೆ ಅವನು ಅವತ್ತೇ ಕ್ಷಮಿಸುತ್ತಿದ್ದ, ನನಗೆ ಗೊತ್ತು.

“ಮೊದಲ ಮೂರು ದಿನ ಹೆದರಿಕೆ. ಆಮೇಲೆ ಅಲ್ಲ. ನೀವು ಯೂನಿಟ್‌ಗೆ ಬಂದ್ರಿ. ಕುರಿ ವಾಪಸ್ ಬಂದ್ರೆ ನೀವು ಬೆಟ್ಟಕ್ಕೆ ಹೋಗ್ಬಿಡ್ತೀರ ಅಂತ ಬಾಯಿ ಮುಚ್ಕೊಂಡೆ. ದಿನಾ ನಿಮ್ಮನ್ನ ನೋಡೋ ಆಸೆಗೆ ನಿಮ್ಮಪ್ಪನ ಬದುಕು ಕಳ್ದೆ, ಅಂಜಿನಿ. ಅಷ್ಟು ಇಷ್ಟಪಟ್ಟೆ ನಿಮ್ಮನ್ನ. ಇಷ್ಟ ಪಡೋದು ಹಿಂಗಲ್ಲ ಅಂತ ಗೊತ್ತಿದ್ದೂ.”

ಅವನ ಮುಖ ಕೆಂಪೇರಿತು. ಸಿಟ್ಟೋ ಇನ್ನೊಂದೋ, ತಿಳಿಯಲಿಲ್ಲ. ಚೂಪುಕಲ್ಲೊಂದನ್ನು ಎತ್ತಿಕೊಂಡು ಬಂಡೆಯ ನಂಬರನ್ನು ಉಜ್ಜತೊಡಗಿದ. ನಾನೂ ಒಂದು ಕಲ್ಲು ತಗೊಂಡು ಎದುರು ಕೂತೆ. ಒಂದಾದ ಮೇಲೊಂದು ಕಲ್ಲು. ಅಂಗೈ ಬೊಬ್ಬೆ ಎದ್ದಿತು. ಬಿಸಿಲು ಇಳಿಯುವ ಹೊತ್ತಿಗೆ ಅವನು ಎದ್ದು ಕೈ ಕೊಡವಿದ.

“ನಾಳಿಂದ ಯೂನಿಟ್‌ಗೆ ಬರಂಗಿಲ್ಲ. ನಮ್ಮ ಸೋದರಮಾವನ ಹಿಂಡಿನ ಜೋಡಿ ಬೊಮ್ಮನಹಾಳ ಕಡಿ ಹೋಗ್ತೀನಿ, ಗೊಬ್ಬರಕ್ಕಂತ ಗದ್ದ್ಯಾಗ ಕುರಿ ನಿಲ್ಸಾಕ. ಕೂಲಿಗೆ ಮರಿ ಕೊಡ್ತಾನ. ಅಪ್ಪಗ ಮತ್ತ ನಾಕು ಕುರಿ ಆಗಬೇಕು.”

“ನಾನು ಏನು ಮಾಡ್ಲಿ?”

“ಗೊತ್ತಿಲ್ರಿ. ಸಿಟ್ಟು ಇಳಿಯೋತನಕ ನಿಮ್ಮ ಮಕ ನೋಡಂಗಿಲ್ಲ.”

ತಲೆಯಾಡಿಸಿದೆ. ನನ್ನ ಪಾಲಿಗೆ ಅದೇ ಹೆಚ್ಚು. ಅವನು ನಾಲ್ಕು ಮೆಟ್ಟಿಲು ಇಳಿದು ನಿಂತ, ತಿರುಗಲಿಲ್ಲ.

“ಬ್ಯಾರೆ ಯಾರ ಮಕಾನೂ ನೋಡಂಗಿಲ್ಲ,” ಅಂದ.

ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅಳು ತಡೆದುಕೊಂಡಿದ್ದೆ. ಆಮೇಲೆ ಕಣ್ಣೊರೆಸಿಕೊಂಡು ಮುಂದಿನ ಕಲ್ಲಿಗೆ ಹೋದೆ. ಇನ್ನೂ ಹನ್ನೊಂದು ನಂಬರು ಉಳಿದಿದ್ದವು.