ಹೆಣ್ಣು ಕೊಕ್ಕರೆಯ ಮೂವತ್ತೊಂದು ಚಿತ್ರ

ಆರು ಚಿತ್ರ ಕೇಳಿದ್ದಕ್ಕೆ ಮೂವತ್ತೊಂದು ಬರೆದು ಕಳಿಸುವ ಗಂಡಸಿಗೆ ಎಣಿಸಲು ಬರುವುದಿಲ್ಲ ಅನ್ನಬೇಕೋ, ಬೇರೇನೋ ಅನ್ನಬೇಕೋ, ಚೂಡಾಮಣಿಗೆ ತಿಳಿಯಲಿಲ್ಲ. ಮನೆಗೆ ಹೋಗುವಷ್ಟು ತಾಳ್ಮೆ ಇಲ್ಲದೆ ಹಲಗೂರಿನ ಬಸ್ ಸ್ಟಾಪಿನಲ್ಲೇ ಹಾಳೆಗಳ ಕಟ್ಟು ಬಿಚ್ಚಿ ನಿಂತಿದ್ದಳು.

"ಏನ್ ಟೀಚರಮ್ಮ, ಈ ಸಲ ಕಟ್ಟು ದಪ್ಪಾಗದೆ," ಎಂದ ಕಂಡಕ್ಟರ್ ಬೋರಯ್ಯ, ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು. "ಒಳ್ಗೆ ಕಾಗ್ದ ಗೀಗ್ದ ಏನಾರ ಬರ್ದವ್ರಾ ರೇವಣ್ಣೋರು?"

"ಕೊಕ್ಕರೆ ಬರೆದಿದ್ದಾರೆ. ನೀವು ರೈಟ್ ಹೇಳಿ."

ಬೋರಯ್ಯ ನಗುತ್ತಲೇ ರೈಟ್ ಹೇಳಿದ. ಬಸ್ಸು ಹೋದ ಮೇಲೂ ಅವಳ ಕಿವಿ ಬಿಸಿಯಾಗಿಯೇ ಇತ್ತು.

ಇದು ಒಂದೂವರೆ ವರ್ಷದ ಹುಚ್ಚು. ಮಳವಳ್ಳಿಯಲ್ಲಿ ಟೆಂಟ್ ಸಿನಿಮಾ ನಡೆಸುವ ಮರಿಸಿದ್ದಯ್ಯ ಎಲ್ಲೋ ಹರಾಜಿನಲ್ಲಿ ಒಂದು ಹಳೇ ಕ್ಯಾಮೆರಾ ಹಿಡಿದು ತಂದಿದ್ದರು. ಅದನ್ನು ರಿಪೇರಿ ಮಾಡಿದವನು ಶಿವನಸಮುದ್ರದ ಪವರ್ ಹೌಸಿನ ರೇವಣ್ಣ. ಬರೆದ ಚಿತ್ರ ಓಡಾಡುವ ಸಿನಿಮಾ ಮಾಡೋಣ ಅಂತ ಅವನೇ ಗಂಟುಬಿದ್ದ. ಬರೆಯುವ ಕೈ ಬೇಕಲ್ಲ, ಹಲಗೂರು ಸ್ಕೂಲಿನ ಡ್ರಾಯಿಂಗ್ ಟೀಚರ್ ಚೂಡಾಮಣಿ ಸಿಕ್ಕಿದಳು.

ಏಳು ನಿಮಿಷದ ಕಥೆ. ಬೆಳ್ಳೂರಿನ ಹುಣಸೆಮರದಲ್ಲಿ ಗೂಡು ಕಟ್ಟಿದ ಕೊಕ್ಕರೆ ಜೋಡಿ ಬಿರುಗಾಳಿಗೆ ಸಿಕ್ಕಿ ಬೇರೆಯಾಗುತ್ತದೆ. ಗಂಡು ಹೊಳೆ ಹಿಡಿದು ಹುಡುಕುತ್ತಾ ಹೋಗುತ್ತದೆ, ಕೊನೆಯಲ್ಲಿ ಎರಡೂ ಸೇರುತ್ತವೆ. ಒಂದು ನಿಮಿಷಕ್ಕೆ ಐನೂರು ಚಿತ್ರ ಬೇಕು. ಪ್ರತಿ ಚಲನೆಯ ಮೊದಲನೆಯದನ್ನೂ ಕೊನೆಯದನ್ನೂ ಅವಳು ಬರೆಯುತ್ತಿದ್ದಳು. ನಡುವೆ ಎಷ್ಟು ಬೇಕೆಂದು ಅಂಚಿನಲ್ಲಿ ಗುರುತು ಹಾಕಿ ಬಸ್ಸಿಗೆ ಕೊಡುತ್ತಿದ್ದಳು. ನಡುವಿನವು ಅವನ ಪಾಲು.

ಮುಖ ನೋಡಿದ್ದು ಹತ್ತೋ ಹನ್ನೆರಡೋ ಸಲ. ಆದರೆ ಅವನ ಕೈ ಯಾವ ಗೆರೆ ಎಳೆಯುವಾಗ ನಡುಗುತ್ತದೆ, ಯಾವಾಗ ಪೆನ್ಸಿಲ್ ಒತ್ತುತ್ತದೆ ಎನ್ನುವುದೆಲ್ಲ ಅವಳಿಗೆ ಗೊತ್ತು. ಶಿವನಸಮುದ್ರದ ಬಸ್ಸು ತಡವಾದ ದಿನ ಮಕ್ಕಳಿಗೆ ಅವಳಿಂದ ವಿನಾಕಾರಣ ಬೈಗುಳ ಬೀಳುತ್ತಿತ್ತು. ಪ್ರೀತಿ ಅನ್ನದೆ ಇದಕ್ಕೆ ಇನ್ನೇನು ಹೆಸರಿಡುವುದು?

ಅವಳ ತಂದೆ ಪಾರ್ಥಸಾರಥಿ ರಿಟೈರ್ಡ್ ಹೆಡ್‌ಮಾಸ್ಟರು. ಮಂಡ್ಯದ ಅಯ್ಯಂಗಾರರ ಮನೆಯಿಂದ ಸಂಬಂಧ ಬಂದಾಗ, "ಈ ಸಿನಿಮಾ ಮುಗಿಯೋ ತನಕ ಕೇಳಬೇಡಿ ಅಪ್ಪ," ಎಂದಿದ್ದಳು. "ಸರಿ, ಅದು ಮುಗಿದ ದಿನ ಹೂಂ ಅಥವಾ ಉಹೂಂ ಹೇಳಿಬಿಡಬೇಕು," ಎಂದು ಅವರು ಒಪ್ಪಿಕೊಂಡಿದ್ದರು. ಈ ಮಾತು ಮರಿಸಿದ್ದಯ್ಯನವರ ಬಾಯಿಂದ ರೇವಣ್ಣನ ಕಿವಿಗೂ ಬಿದ್ದಿತ್ತು. ಅವನು ಹೊಲ ಗೇಯುವ ಮನೆಯವನು, ಜಾತಿ ಬೇರೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಸುಮ್ಮನಿದ್ದ.

ಆ ಭಾನುವಾರ ಮರಿಸಿದ್ದಯ್ಯ ಇಬ್ಬರನ್ನೂ ಟೆಂಟಿಗೆ ಕರೆಸಿದರು.

"ದೀಪಾವಳಿಗೆ ಇನ್ನಾರು ವಾರ ಅದೆ. ಮೂರು ಭಾಗ ರೆಡಿ, ನಾಕ್ನೇದು ಬಾಕಿ. ದೊಡ್ ಪಿಚ್ಚರ್‌ಗೆ ಮುಂಚೆ ತಿಂಗ್ಳಿಗೊಂದು ಭಾಗ ಬುಡಾನ ಅಂತ ನಾನು. ಮುಂದೇನಾಯ್ತು ಅಂತ ಜನ ಮತ್ತೆ ಬತ್ತರೆ. ಇಲ್ಲಾಂದ್ರೆ ರಾತ್ರಿ ಹಗಲು ಬರ್ದು ದೀಪಾವಳಿಗೆ ಪೂರ್ತಿ ಕೊಡಿ. ಏನಂತೀರಾ?"

"ಭಾಗ ಭಾಗನೇ ಬುಡಿ," ಎಂದ ರೇವಣ್ಣ, ಕೇಳಿ ಮುಗಿಯುವ ಮೊದಲೇ. "ಕೊನೇದು ಶಿವರಾತ್ರಿಗೆ ಸಿಕ್ತದೆ."

ಚೂಡಾಮಣಿಯೂ ಅದನ್ನೇ ಹೇಳಬೇಕೆಂದು ಬಂದಿದ್ದಳು. ಶಿವರಾತ್ರಿಯವರೆಗೆ ಮಂಡ್ಯದವರಿಗೆ ಉತ್ತರ ಕೊಡಬೇಕಿಲ್ಲ, ಬಸ್ಸಿನಲ್ಲಿ ಕಟ್ಟು ಬರುತ್ತಿರುತ್ತದೆ. ಹಾವೂ ಸಾಯದು, ಕೋಲೂ ಮುರಿಯದು.

ಅಷ್ಟರಲ್ಲಿ ಮರಿಸಿದ್ದಯ್ಯ ಪರೀಕ್ಷೆಗೆಂದು ಮೊದಲ ಭಾಗ ಓಡಿಸಿದರು. ಟೆಂಟು ಗುಡಿಸುತ್ತಿದ್ದ ಪುಟ್ಟಮಾದಮ್ಮ ಪೊರಕೆ ಹಿಡಿದೇ ನಿಂತು ನೋಡಿದಳು. ಗಾಳಿ ಬೀಸಿತು, ಹಕ್ಕಿಗಳು ಬೇರೆಯಾದವು, ಪರದೆ ಬೆಳ್ಳಗಾಯಿತು.

"ಮುಂದ್ಕೆ?" ಎಂದಳು.

"ಮುಂದ್ಕೆ ಬರೋ ತಿಂಗ್ಳು ಕಣಮ್ಮ."

"ತಿಂಗ್ಳಾ? ಅಗಲ್ಸಿ ಮನೆಗ್ ಕಳುಸ್ಬುಟ್ರೆ ಮುದ್ದೆ ಇಳೀತದಾ ಗಂಟ್ಲಲ್ಲಿ? ಸೇರ್ಸೋ ಯೋಗ್ತೆ ಇದ್ರೆ ತೋರ್ಸಿ, ಇಲ್ಲಾಂದ್ರೆ ಮುಚ್ಚಾಕಿ," ಎಂದು ಪುಟ್ಟಮಾದಮ್ಮ ಮತ್ತೆ ಗುಡಿಸತೊಡಗಿದಳು.

ಮರಿಸಿದ್ದಯ್ಯ ಟೀ ತರಲು ಹೊರಗೆ ಹೋದರು. ರೇವಣ್ಣ ತಲೆ ಬಗ್ಗಿಸಿ ರೀಲು ಸುತ್ತುತ್ತಿದ್ದ. ಅವನ ಕತ್ತಿನ ಹಿಂದೆ ಪೆನ್ಸಿಲ್ ಮಸಿ ಹತ್ತಿತ್ತು. ಒರೆಸಬೇಕೆನಿಸಿತು ಅವಳಿಗೆ. ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಕೊನೇ ದೃಶ್ಯದಲ್ಲಿ ಹೆಣ್ಣು ಕೊಕ್ಕರೆ ಕತ್ತು ತಿರುಗಿಸೋಕೆ ಆರು ಕೇಳಿದ್ದೆ."

"ಹೌದು."

"ಮೂವತ್ತೊಂದು ಬರೆದಿದ್ದೀರಿ."

"ಎಣಿಸಿದ್ರಾ?"

"ಟೀಚರು ನಾನು. ಅದು ತಿರುಗೋದ್ರೊಳಗೆ ಜನ ಕಾಫಿ ಕುಡಿದು ಬರಬಹುದು."

ಅವನು ನಕ್ಕ. ಆಮೇಲೆ ನಗು ನಿಂತಿತು.

"ಆರಾದ್ರೆ ಗಕ್ಕನೆ ತಿರುಗ್ಬುಡ್ತದೆ. ಅದು ತಿರುಗ್ತು ಅಂದ್ರೆ ಸಿನಿಮಾ ಮುಗೀತು. ಮುಗುದ್ಮೇಲೆ ನಿಮ್ ಕಟ್ಟು ನಮ್ಮೂರ್ಗೆ ಯಾಕ್ ಬತ್ತದೆ?"

ಒಂದೂವರೆ ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

"ಶಿವರಾತ್ರಿ ಆದ ಮೇಲೆ?"

"ಆಮೇಕೆ ಬರಲ್ಲ. ಆದ್ರೆ ನಾಕ್ ತಿಂಗ್ಳು ಸಿಕ್ತದಲ್ಲ."

"ನಾಲ್ಕು ತಿಂಗಳು ಸಾಕಾ ನಿಮಗೆ?"

ಅವನು ಕತ್ತೆತ್ತಿ ನೋಡಿದ. ಮತ್ತೆ ತಲೆ ಬಗ್ಗಿಸಿ ರೀಲು ಸುತ್ತತೊಡಗಿದ. ಹೀಗೆ ಬಿಟ್ಟರೆ ಈ ಮನುಷ್ಯ ತಲೆ ನರೆಯುವ ತನಕ ನಡುವಿನ ಚಿತ್ರ ಬರೆಯುತ್ತಾ ಕೂರುತ್ತಾನೆ ಎನ್ನಿಸಿತು ಅವಳಿಗೆ. ತಾನೂ ಅಷ್ಟೇ, ಬಸ್ಸು ಕಾಯುತ್ತಾ ನಿಲ್ಲುತ್ತೇನೆ. ಮರಿಸಿದ್ದಯ್ಯ ಟೀ ಹಿಡಿದು ಬಂದ ಕೂಡಲೇ ಹೇಳಿಬಿಟ್ಟಳು.

"ಪೂರ್ತಿ ಬಿಡೋಣ. ದೀಪಾವಳಿಗೇ."

ರೇವಣ್ಣನ ಮುಖ ಸಣ್ಣಗಾಯಿತು. ಟೀ ಮುಟ್ಟದೆ ಎದ್ದು ಹೋದ. ಮಂಡ್ಯದವರಿಗೆ ಒಪ್ಪಿಗೆ ಕೊಡುವ ಅವಸರ ಅಂದುಕೊಂಡ, ದಡ್ಡ.

ಮುಂದಿನ ಕಟ್ಟುಗಳಲ್ಲಿ ಆರು ಕೇಳಿದರೆ ಆರೇ ಬಂದವು, ಎಂಟು ಕೇಳಿದರೆ ಎಂಟು. ಒಂದು ಗೆರೆಯೂ ಹೆಚ್ಚಿರಲಿಲ್ಲ. ಅವಳು ಪ್ರತಿ ಸಲ ಎರಡೆರಡು ಬಾರಿ ಎಣಿಸಿ, ಒಂದಾದರೂ ಹೆಚ್ಚಿರಲಿ ಎಂದು ಹಾಳೆಗಳ ನಡುವೆ ಹುಡುಕಿ, ಸಿಗದೆ ಕಟ್ಟು ಎದೆಗವಚಿಕೊಂಡು ಕೂರುತ್ತಿದ್ದಳು. ಚೀಟಿ ಬರೆದು ತಿಳಿಸಬಹುದಿತ್ತು. ಆದರೆ ಅಪ್ಪನಿಗೆ ಹೇಳಬೇಕಾದ್ದನ್ನು ಮೊದಲು ಅಪ್ಪನಿಗೇ ಹೇಳಬೇಕು, ಅದೂ ಕೊಟ್ಟ ಮಾತಿನ ದಿನವೇ ಎಂಬ ಹಟ. ಆ ಆರು ವಾರದಲ್ಲಿ ಅವಳು ಕರಗಿದ್ದು ನೋಡಿ ಬೋರಯ್ಯ ಕೂಡ ತಮಾಷೆ ಮಾಡುವುದನ್ನು ಬಿಟ್ಟ.

ದೀಪಾವಳಿ ಬುಧವಾರ ಬಂತು. ಮಳವಳ್ಳಿ ಟೆಂಟಿನಲ್ಲಿ ಸಂಜೆಯ ಫಸ್ಟ್ ಶೋ. ಹೆಂಗಸರು ಆ ಕಡೆ, ಗಂಡಸರು ಈ ಕಡೆ, ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ. ರೇವಣ್ಣ ಪ್ರೊಜೆಕ್ಟರ್ ಪಕ್ಕದಲ್ಲಿ ನಿಂತಿದ್ದ. ಪಾರ್ಥಸಾರಥಿ ಮುಂದಿನ ಕುರ್ಚಿಯಲ್ಲಿದ್ದರು.

ಏಳು ನಿಮಿಷ ಎಷ್ಟು ಬೇಗ ಮುಗಿಯಿತು ಅಂದರೆ ಚೂಡಾಮಣಿಗೆ ಅಳು ಬಂತು. ಜನ ಶಿಳ್ಳೆ ಹಾಕಿದರು. ದೊಡ್ಡ ಪಿಚ್ಚರಿನ ರೀಲು ಹಾಕಲು ದೀಪ ಹೊತ್ತಿಸಿದಾಗ ಅಪ್ಪ ಎದ್ದು ಬಂದು ಗೋಡೆಯ ಆಚೆ ನಿಂತರು.

"ಚೆನ್ನಾಗಿದೆಯಮ್ಮ. ಮುಗೀತಲ್ಲ. ಮಂಡ್ಯಕ್ಕೆ ಏನು ಬರೀಲಿ?"

ಚೂಡಾಮಣಿ ಸೀರೆ ಎತ್ತಿ ಹಿಡಿದು, ಊರೆಲ್ಲ ನೋಡುತ್ತಿದ್ದಂತೆ ಗೋಡೆ ದಾಟಿದಳು. ಪ್ರೊಜೆಕ್ಟರಿನ ತನಕ ನಡೆದು ರೇವಣ್ಣನ ಪಕ್ಕದಲ್ಲಿ ನಿಂತಳು.

"ಆಗಲ್ಲ ಅಂತ ಬರೀರಿ ಅಪ್ಪ. ನಾನು ಇವರನ್ನ ಮದುವೆ ಆಗ್ತೀನಿ. ಇನ್ನೂ ಇವರನ್ನ ಕೇಳಿಲ್ಲ."

ರೇವಣ್ಣನ ಕೈಯಿಂದ ಖಾಲಿ ರೀಲು ಜಾರಿ ಬಿತ್ತು. ಎತ್ತಿಕೊಳ್ಳಲೂ ಮರೆತ.

"ನಾನ್ ಒಪ್ಕಂಡಿವ್ನಿ ಸಾರ್," ಎಂದ, ಅವಳಿಗೆ ಹೇಳಬೇಕಾದ್ದನ್ನು ಅವಳ ಅಪ್ಪನಿಗೆ. "ನಾಳೆ ನಿಮ್ಮನೆಗ್ ಬತ್ತೀನಿ."

ಪಾರ್ಥಸಾರಥಿ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡು ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ನಾಳೆ ಬೇಡಪ್ಪ. ನಾಳೆ ನಾನು ಒಳ್ಳೇ ಮಾತಾಡೋ ಸ್ಥಿತೀಲಿ ಇರಲ್ಲ. ಭಾನುವಾರ ಬಾ."

ಅವರು ಹೋಗಿ ಕುರ್ಚಿಯಲ್ಲಿ ಕುಳಿತರು. ದೀಪ ಆರಿತು. ಕತ್ತಲಲ್ಲಿ ರೇವಣ್ಣನ ಬೆರಳು ಅವಳ ಬೆರಳನ್ನು ಹುಡುಕಿ ಹಿಡಿದುಕೊಂಡಿತು.

"ಭಾನ್ವಾರಕ್ಕೆ ಇನ್ನೂ ನಾಕ್ ದಿನ ಕಾಯ್ಬೇಕಲ್ಲ," ಎಂದ ಅವನು.