ಹಸಿ ಕಾಂಕ್ರೀಟಿಗೆ ಕೊಟ್ಟ ಕಾಲು

ಚಿಕ್ಕಮಾದಮ್ಮ ಗುಂಡಿಯ ಅಂಚಿನಿಂದ ಗೋಣಿಚೀಲಗಳಿಗೆ ನೀರು ಬಿಡುತ್ತಿದ್ದಳು. ಗೋಡೆಗೆ ಹೊದಿಸಿದ ಚೀಲಗಳು ಒಂದೊಂದಾಗಿ ಕಪ್ಪಾಗುತ್ತಾ ಬಂದವು. ಒಂದು ಹೆಜ್ಜೆ ಇಡುವಳು, ಎಡಗಾಲನ್ನು ಎಳೆದುಕೊಳ್ಳುವಳು, ನಿಂತು ಪೈಪು ತಿರುಗಿಸುವಳು. ಟಪ್, ಸರ್ರ್. ಟಪ್, ಸರ್ರ್. ಒದ್ದೆ ಗೋಣಿಯ ಹಳಸಲು ವಾಸನೆ ನೀಲಿ ಟಾರ್ಪಾಲಿನ ಕೆಳಗೆ ತುಂಬಿಕೊಂಡಿತ್ತು. ನಡುಮಧ್ಯಾಹ್ನವಾದರೂ ಅಲ್ಲಿ ಮಬ್ಬು.

ರಾಮಕೃಷ್ಣನಗರದ ಅಂಚಿನ ಆ ಹಳ್ಳದಲ್ಲಿ ಸ್ಕೇಟ್ ಪಾರ್ಕು ಕಟ್ಟುತ್ತಿದ್ದರು. ಚಕ್ರದ ಹಲಗೆಯ ಮೇಲೆ ನಿಂತು ಹುಡುಗರು ಜಾರಿ ಇಳಿದು ಹಾರಿ ಏರುವಂಥ, ಈಜುಕೊಳದಷ್ಟು ಆಳದ ಕಾಂಕ್ರೀಟು ಗುಂಡಿ. ಕೆಲಸದವರು ಅದಕ್ಕೆ ಬಾಣಲೆ ಎಂದು ಹೆಸರಿಟ್ಟಿದ್ದರು. ಅದರ ನಕ್ಷೆ ಬರೆದವಳು ದಾವಣಗೆರೆಯ ಅನುಪಮಾ. ಬೇರೆಯವರ ನಕ್ಷೆಗಳಿಗೆ ನಾಲ್ಕು ಊರಲ್ಲಿ ಕರಣೆ ಹಿಡಿದಿದ್ದಳು. ಅವಳದೇ ಎನ್ನುವಂಥದ್ದು ಇದೇ ಮೊದಲು. ಉದ್ಘಾಟನೆಯ ದಿನ ಬಾಣಲೆಯೊಳಗೆ ಮೊದಲು ಇಳಿಯುವವಳೂ ಅವಳೇ ಎಂದು ಮಾತಾಗಿತ್ತು. ಅದೊಂದು ದಿನಕ್ಕಾಗಿ ಮೂರು ತಿಂಗಳಿಂದ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದಳು.

ಆವತ್ತು ತಳಕ್ಕೆ ಕಾಂಕ್ರೀಟು ಹಾಕಿ ಮುಗಿದಿತ್ತು. ಮೇಸ್ತ್ರಿ ಮಂಟಯ್ಯ ಕುಕ್ಕರುಗಾಲಲ್ಲಿ ಕೂತು ಮೈ ನುಣುಪು ಮಾಡುತ್ತಿದ್ದ. ಅನುಪಮಾ ಎಡಗಾಲಿನ ಬೂಟು ಬಿಚ್ಚುವುದನ್ನು ಕಂಡು ಅವನ ಕರಣೆ ನಿಂತಿತು.

"ಏನವ್ವಾ ಅದು?"

"ಸಹಿ ಹಾಕ್ತೀನಿ ಮೇಸ್ತ್ರಿ. ನೀರು ಹೋಗೋ ತೂತಿನ ಪಕ್ಕ. ಚಕ್ರ ಅಲ್ಲಿಗೆ ಬರಲ್ಲ."

"ಬೂಟಲ್ಲೇ ಒತ್ತು."

"ಬೂಟಿನ ಗುರುತು ಕಂಪನೀದು. ಕಾಲಿಂದು ನಂದು."

ಮಂಟಯ್ಯ ದನಿ ತಗ್ಗಿಸಿದ. "ಬ್ಯಾಡ ಕಣವ್ವಾ. ಆ ಮಡಕೆ ಮರೆತ್ಬುಟ್ಯಾ?"

ಮರೆತಿರಲಿಲ್ಲ. ಹಿಂದೆ ಸುತ್ತಲಿನ ಜನ ದೃಷ್ಟಿ ನಿವಾಳಿಸಿದ್ದನ್ನೆಲ್ಲ ತಂದು ಎಸೆಯುತ್ತಿದ್ದ ಹಳ್ಳ ಅದು. ಅಗೆಯುವಾಗ ಕರಟಿದ ನಿಂಬೆಹಣ್ಣು, ಕೋಳಿಪುಕ್ಕ, ಬಳೆಚೂರು ಸಿಕ್ಕಿದ್ದವು. ಒಂದು ದಿನ ಕೆಂಪು ಬಟ್ಟೆಯಲ್ಲಿ ಬಾಯಿ ಬಿಗಿದ ಅಗಲವಾದ ಮಡಕೆಯೊಂದು ಸಿಕ್ಕಿತು. ಒಳಗೆ ಯಾರದೋ ಎಡಗಾಲಿನ ಹೆಜ್ಜೆ. ನೆಲದಿಂದ ಮಣ್ಣುಸಮೇತ ಎತ್ತಿದ್ದು, ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಐದು ಬೆರಳಿಗೆ ಐದು ಮೊಳೆ, ಹಿಮ್ಮಡಿಗೆ ಎರಡು. ನಂಜನಗೂಡಿಗೆ ಒಯ್ದು ಹೊಳೆಗೆ ಬಿಡೋಣ ಎಂದಿದ್ದ ಮಂಟಯ್ಯ. ಅನುಪಮಾ ನಕ್ಕು, ತಳ ತುಂಬಲು ಸುರಿದ ಜಲ್ಲಿಯ ನಡುವೆ ಅದನ್ನು ಎಸೆದಿದ್ದಳು.

"ಕಾಲಡಿ ಮಣ್ಣು ತಗಂಡು ಯಾರ್ದೋ ಕಾಲು ಕಟ್ಟವ್ರೆ," ಎಂದ ಮಂಟಯ್ಯ. "ಅದೀಗ ಇದರಡಿ ಕೂತದೆ. ಮೇಲಿಂದ ಇನ್ನೊಂದು ಕಾಲು ಕೊಟ್ರೆ, ಹಳೇದನ್ನ ಬುಟ್ಟು ಹೊಸದನ್ನ ಹಿಡ್ಕತದೆ. ಮಣ್ಣಿನ ಹೆಜ್ಜೆಯಾದ್ರೆ ಮಳೇಲಾದ್ರೂ ಕೊಚ್ಕೊಂಡು ಹೋಯ್ತದೆ. ಇದು ಹೋಯ್ತದಾ?"

"ಈ ಕಾಲು ಮೂರು ಸಲ ಮುರಿದಿದೆ ಮೇಸ್ತ್ರಿ. ನಿಮ್ಮ ಮಾಟಕ್ಕೆ ಯಾವ ಮೂಳೆ ಹಿಡ್ಕೋಬೇಕು ಅಂತಾನೇ ತಿಳಿಯಲ್ಲ, ಬಿಡಿ."

ಮೇಲೆ ಪೈಪಿನ ನೀರು ಒಂದೇ ಕಡೆ ಸುರಿಯುತ್ತಿತ್ತು. ಚಿಕ್ಕಮಾದಮ್ಮ ನಿಂತುಬಿಟ್ಟಿದ್ದಳು. ಇಬ್ಬರನ್ನೂ ನೋಡುತ್ತಿದ್ದಳು.

ಅನುಪಮಾ ಕಾಲಿಟ್ಟಳು. ಹಸಿ ಕಾಂಕ್ರೀಟು ತಣ್ಣಗಿತ್ತು. ಬೆರಳ ಸಂದಿಗಳಲ್ಲಿ ಮೆಲ್ಲಗೆ ಮೇಲೆದ್ದಿತು. ಕಾಲು ತೆಗೆಯುವಾಗ ಒಂದು ಗಳಿಗೆ ತಡೆಯಿತು. ಆಮೇಲೆ, ಕರು ಕೆಚ್ಚಲು ಬಿಡುವಾಗಿನಂಥ ಸಣ್ಣ ಸದ್ದು.

ಮೂರನೇ ದಿನ ಕಿರುಬೆರಳು ಮರಗಟ್ಟಿತು. ಸಿಮೆಂಟು ತಿಂದಿರಬೇಕೆಂದು ಕೊಬ್ಬರಿ ಎಣ್ಣೆ ಸವರಿದಳು. ಏಳನೇ ದಿನ ಐದೂ ಬೆರಳು ಹೋದವು. ನೋವಿರಲಿಲ್ಲ. ಬೂಟು ಹಾಕಿಕೊಂಡಿದ್ದೇನೆಯೋ ಇಲ್ಲವೋ ಎಂಬುದನ್ನು ಬಗ್ಗಿ ನೋಡಿ ತಿಳಿಯಬೇಕಿತ್ತು, ಅಷ್ಟೆ. ಹದಿನಾಲ್ಕನೇ ದಿನ ಇಡೀ ಪಾದ. ನರ ಒತ್ತಿಕೊಂಡಿರಬೇಕು ಎಂದು ಡಾಕ್ಟರು ಅಂಗಾಲಿಗೆ ಸೂಜಿ ಚುಚ್ಚಿ ನೋಡಿದರು. ಸೂಜಿ ಬಾಗಿತು. ಇನ್ನೊಂದು ತೆಗೆದರು. ಅದೂ ಬಾಗಿತು. ಈಗಿನ ಸೂಜಿಗಳನ್ನು ಬೈದುಕೊಂಡು ಮಾತ್ರೆ ಬರೆದುಕೊಟ್ಟರು.

ಶೆಡ್ಡಿಗೆ ಬಂದು ಚಕ್ರದ ಹಲಗೆಯ ಮೇಲೆ ನಿಂತು ನೋಡಿದಳು. ಎಡಗಾಲಿಗೆ ಹಲಗೆ ತಿಳಿಯಲಿಲ್ಲ. ಬಿದ್ದಳು. ಎದ್ದು ನಿಂತಳು. ಮತ್ತೆ ಬಿದ್ದಳು. ಅಳು ಬರಲಿಲ್ಲ. ಬರಬೇಕಿತ್ತು ಎಂದಷ್ಟೇ ಅನ್ನಿಸಿತು.

ಮಾರನೆಯ ದಿನ ಮಂಟಯ್ಯನ ಮುಂದೆ ನಿಂತಳು. ಕೇಳುವ ಮೊದಲೇ ಅವನು ಅವಳ ಕಾಲು ನೋಡಿದ.

"ಆ ಹೆಜ್ಜೇನ ಕಿತ್ತು ಹೊಳೆಗೆ ಬುಡು. ಇಪ್ಪತ್ತೆಂಟು ದಿನದೊಳಗೆ. ಆಮ್ಯಾಕೆ ಕಾಂಕ್ರೀಟು ಪೂರ್ತಿ ಬಿಗ್ದೋಯ್ತದೆ."

"ತಳ ಒಡೆದ್ರೆ ಬಿರುಕು ಮೇಲಿನವರೆಗೂ ಓಡುತ್ತೆ ಮೇಸ್ತ್ರಿ. ಪಾರ್ಕೇ ಹೋಗುತ್ತೆ."

"ಪಾರ್ಕೋ ಕಾಲೋ, ನೀನೇ ನೋಡ್ಕೊ. ನಾನಂತೂ ಮುಟ್ಟಾಕಿಲ್ಲ."

ಮರುದಿನದಿಂದ ಅವನು ಬರಲಿಲ್ಲ. ಕಡಕೊಳದಲ್ಲಿ ಬೇರೆ ಕೆಲಸ ಸಿಕ್ಕಿದೆಯಂತೆ.

ಅನುಪಮಾ ಚಿಕ್ಕಮಾದಮ್ಮನ ಬಳಿ ಹೋದಳು. ನೀರು ಬೀಳದಿದ್ದರೆ ಕಾಂಕ್ರೀಟು ಪೂರ್ತಿ ಬಿಗಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಅಮ್ಮಾ, ಆ ಹೆಜ್ಜೆ ಮೇಲೆ ಮಾತ್ರ ನೀರು ಬಿಡಬೇಡಿ."

ಚಿಕ್ಕಮಾದಮ್ಮ ಪೈಪಿನಿಂದ ಕಣ್ಣು ತೆಗೆಯಲಿಲ್ಲ. "ನಂಗೇನ್ ಗೊತ್ತವ್ವ. ನೀರು ಹಾಕು ಅಂದ್ರು, ಹಾಕ್ತಾ ಇವ್ನಿ."

ಬೆಳಿಗ್ಗೆ ನೋಡಿದರೆ ಹೆಜ್ಜೆಯ ಮೇಲೆ ಯಾರೋ ಮೂರು ಚೀಲ ಹೆಚ್ಚಾಗಿ ಹೊದಿಸಿದ್ದರು. ನೀರು ಸೋರುತ್ತಿತ್ತು. ಬಾಣಲೆಯೊಳಕ್ಕೆ ಇಳಿಯಲು ಇದ್ದದ್ದು ಒಂದು ಬಿದಿರೇಣಿ. ಚಿಕ್ಕಮಾದಮ್ಮನ ಕಾಲಿಗೆ ಅದು ಆಗದು. ಮತ್ತೆ ಯಾರು ಇಳಿದರು? ಅನುಪಮಾ ಆ ಚೀಲಗಳನ್ನು ಕಿತ್ತೆಸೆದಳು. ಮರುದಿನ ಮತ್ತೆ ಇದ್ದವು.

ಒಡೆಯಬೇಕೆಂದು ದಿನವೂ ಬಂದು ನಿಲ್ಲುವಳು. ಗೋಡೆ ಎಷ್ಟು ನುಣ್ಣಗೆ ಬಾಗಿದೆಯೆಂದು ನೋಡುವಳು. ನಾಳೆ ಎಂದುಕೊಂಡು ಹೋಗುವಳು. ಮರಗಟ್ಟುವುದು ಮೊಣಕಾಲಿಗೆ ಬಂತು. ಬೆಳಗಿನ ಹೊತ್ತು ಶೆಡ್ಡಿನಲ್ಲಿ ಮಲಗಿದ್ದಾಗ ಬಾಣಲೆಯ ಅಂಚಿನ ನಡಿಗೆ ಕೇಳುತ್ತಿತ್ತು. ಟಪ್, ಸರ್. ಟಪ್, ಸ್. ಎಳೆಯುವ ಸದ್ದು ದಿನದಿನಕ್ಕೆ ಸಣ್ಣದಾಗುತ್ತಿತ್ತು. ಅದನ್ನವಳು ಕೇಳಿಸಿಕೊಂಡಳು. ಯೋಚಿಸಲಿಲ್ಲ.

ಇಪ್ಪತ್ತೆಂಟನೇ ದಿನ ಭಾನುವಾರ. ಕೆಲಸದವರು ಯಾರೂ ಇಲ್ಲ. ಮಧ್ಯಾಹ್ನ ಅನುಪಮಾ ಉಳಿ, ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿ, ಕುಂಡೆಯ ಮೇಲೆ ತೆವಳಿ ಬಂದು, ಕೈಬಲದಲ್ಲಿ ಏಣಿ ಇಳಿದಳು. ಪಾರ್ಕು ಹೋದರೆ ಹೋಗಲಿ.

ಟಾರ್ಪಾಲಿನ ಕೆಳಗೆ ಗಾಳಿಯಿರಲಿಲ್ಲ. ಚೀಲಗಳನ್ನು ಸರಿಸಿದಳು. ಕೊಳೆತ ನಿಂಬೆಯ ವಾಸನೆ ಮುಖಕ್ಕೆ ಹೊಡೆಯಿತು. ಹೆಜ್ಜೆಯಲ್ಲಿ ನೀರು ನಿಂತಿತ್ತು. ಕೈ ಅದ್ದಿದಳು. ಬೆಚ್ಚಗಿತ್ತು. ನೀರಿನಡಿ, ಬೆರಳುಗಳ ಗುರುತಿನಲ್ಲಿ, ಐದು ತುಕ್ಕಿನ ಚುಕ್ಕೆ. ಹಿಮ್ಮಡಿಯಲ್ಲಿ ಎರಡು.

ಉಳಿ ಇಟ್ಟು ಹೊಡೆದಳು. ಕಾಂಕ್ರೀಟು ಸದ್ದು ಮಾಡಲಿಲ್ಲ. ಸದ್ದು ಬಂದದ್ದು ಅವಳ ಕಾಲಿನಿಂದ.

ಬಗ್ಗಿ ನೋಡಿದಳು. ಹೆಬ್ಬೆರಳಿನಿಂದ ಪಾದದ ಮೇಲಕ್ಕೆ ಒಂದು ಸೀಳು. ರಕ್ತವಿಲ್ಲ. ಬೂದು ಪುಡಿ ಉದುರಿತು. ನೋವಿಲ್ಲ. ಏನೂ ಇಲ್ಲ.

ಏಳಲು ಹೋದಳು. ಕಾಲು ಜಾರಿತು. ನೇರ ಹೆಜ್ಜೆಯೊಳಗೆ ಕೂತಿತು. ಅಚ್ಚಿಗೆ ಅಚ್ಚು. ಎಳೆದಳು. ಬರಲಿಲ್ಲ. ಎರಡೂ ಕೈಯಲ್ಲಿ ಮೊಣಕಾಲು ಹಿಡಿದು ಎಳೆದಳು. ಬರಲಿಲ್ಲ. ನೀರು ಒರೆಸಿ ನೋಡಿದಳು. ಕಾಲು ಮುಗಿಯುವುದೆಲ್ಲಿ, ನೆಲ ಶುರುವಾಗುವುದೆಲ್ಲಿ? ಗೆರೆಯೇ ಇರಲಿಲ್ಲ. ತೊಡೆ ತಣ್ಣಗಾಯಿತು. ಆ ತಂಪು ಸೊಂಟದ ಕಡೆಗೆ ಏರುತ್ತಿತ್ತು.

ಪಾದ ಹೋದರೆ ಹೋಗಲಿ. ಸುತ್ತಿಗೆ ಎತ್ತಿದಳು. ಕೈ ಒದ್ದೆ. ಸುತ್ತಿಗೆ ನುಣುಚಿತು. ಹಾರಿ ಗೋಡೆಯ ಮೇಲೇರಿತು. ಅವಳೇ ತೀಡಿ ನುಣ್ಣಗೆ ಮಾಡಿದ ಗೋಡೆ. ಜಾರಿ ಇಳಿಯಿತು. ಬಾಣಲೆಯ ಆಚೆ ತುದಿಯಲ್ಲಿ ನಿಂತಿತು. ಮೂರು ಮಾರು ದೂರ.

ಕೂಗಿದಳು. ಬಾಣಲೆ ಅವಳ ಕೂಗನ್ನು ಸುತ್ತಿಸಿ ಅವಳಿಗೇ ಕೊಟ್ಟಿತು.

ಆಗ ಮೇಲೆ ನಡಿಗೆ ಕೇಳಿತು.

ಟಪ್. ಟಪ್. ಟಪ್. ಟಪ್.

ಚಿಕ್ಕಮಾದಮ್ಮ ಏಣಿಯಲ್ಲಿ ಇಳಿದು ಬಂದಳು. ಒಂದು ಕಾಲು, ಇನ್ನೊಂದು ಕಾಲು, ಮೆಟ್ಟಿಲಿಗೊಂದರಂತೆ. ಇಪ್ಪತ್ತೆಂಟು ದಿನ ಮುಗಿದಿತ್ತು, ಚೀಲಗಳನ್ನು ಎತ್ತಬೇಕಿತ್ತು. ಒಂದೊಂದನ್ನೇ ಕೊಡವಿ, ಮಡಚಿ, ಒಟ್ಟಿದಳು. ಅನುಪಮಾಳ ಹತ್ತಿರದ ಮೂರನ್ನೂ ಎತ್ತಿಕೊಂಡಳು. ಆಗ ಮಾತ್ರ ಒಂದು ಗಳಿಗೆ ನಿಂತು, ನೆಲಕ್ಕೆ ಕೂಡಿಕೊಂಡ ಆ ಕಾಲನ್ನು ನೋಡಿದಳು.

"ಹತ್ತೊಂಬತ್ತು ವರ್ಸಕ್ಕೆ ಹೋದ ಕಾಲು ಕಣವ್ವಾ," ಎಂದಳು, ತನ್ನ ಎಡತೊಡೆ ಸವರಿಕೊಳ್ಳುತ್ತಾ. "ಈಗ ನಂಗೆ ಅರವತ್ತೊಂದು."

ಅಷ್ಟು ಹೇಳಿ ಹೊರೆಯನ್ನು ತಲೆಗೇರಿಸಿಕೊಂಡಳು. ಸುತ್ತಿಗೆ ಅವಳ ದಾರಿಯಲ್ಲೇ ಇತ್ತು. ಎಡಗಾಲು ಎತ್ತಿ ಅದನ್ನು ದಾಟಿದಳು. ಏಣಿಯ ಮೊದಲ ಮೆಟ್ಟಿಲು ಹತ್ತಿದಳು. ಎರಡನೆಯದು ಹತ್ತಿದಳು.

ತಂಪು ಎದೆಗೇರಿ ಹೆದರಿಕೆಯೂ ಮರಗಟ್ಟಿತ್ತು. ಅನುಪಮಾಳ ದನಿ ಯಾವಾಗಿನಂತೆಯೇ ಇತ್ತು.

"ಅಮ್ಮಾ, ಆ ಸುತ್ತಿಗೆ ಸ್ವಲ್ಪ ಇತ್ತ ಕೊಡಿ."